ಬಾಗಿಲು ಹಾಕಿಕೊಂಡು ತಿಂದ ಮಂಡಕ್ಕಿ

ಆಗಿನ ಕಾಲದಲ್ಲಿ ಹೊಟ್ಟೆ ತೊಳಸಿದರೆ ಯಾರೂ ಡಾಕ್ಟರ ಹತ್ತಿರ ಓಡುತ್ತಿರಲಿಲ್ಲ. ಓಡುತ್ತಿದ್ದದ್ದು ಪಕ್ಕದ ಮನೆಗೆ. ಅಲ್ಲಿಯ ಔಷಧಿಗೆ ಬಗ್ಗದಿದ್ದರೆ ಅದರ ಪಕ್ಕದ ಮನೆಗೆ. ಒಬ್ಬರು ಜೀರಿಗೆ ಹುರಿದು ಬೆಲ್ಲದ ಜತೆ ಅಗಿ ಅನ್ನುತ್ತಿದ್ದರು. ಇನ್ನೊಬ್ಬರು ಹಸಿ ಶುಂಠಿ ಜಜ್ಜಿ ರಸ ಹಿಂಡಿ, ಜೇನು ಕಲಸಿ ನಾಲಿಗೆಗೆ ಸವರುತ್ತಿದ್ದರು. ಏಲಕ್ಕಿ ಸಿಪ್ಪೆಯನ್ನು ಸುಟ್ಟು ಕರಿ ಮಾಡಿ ನೆಕ್ಕಿಸುವವರಿದ್ದರು. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿಸುವವರಿದ್ದರು. ಒಲೆಯಲ್ಲಿ ಹೆಂಚಿನ ಚೂರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಅದು ಚುಂಯ್ ಅಂದು ತಣ್ಣಗಾಗಿ ನೀರು ತಿಳಿಯಾದ ಮೇಲೆ ಲೋಟಕ್ಕೆ ಬಗ್ಗಿಸಿ ಕೊಡುವವರೂ ಇದ್ದರು. ನಾನು ಇವನ್ನೆಲ್ಲ ಒಂದೇ ಮುಂಗಾರಿನಲ್ಲಿ ಕುಡಿದವಳು, ಅಗಿದವಳು, ನೆಕ್ಕಿದವಳು. ಈಗಲೂ ಯಾರಾದರೂ ಜೀರಿಗೆ ಕಷಾಯ ಮಾಡಿಕೊಡಲಾ ಅಂದರೆ ನಾನು ಅಲ್ಲಿಂದ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ನನಗೆ ಆಗ ಎಂಟು ವರ್ಷವಿರಬೇಕು. ಹಡೆದವ್ವನ ಮುಖ ನನಗೆ ನೆನಪಿಲ್ಲ. ನನ್ನನ್ನು ಸಾಕಿದವಳು ಅವಳ ತಾಯಿ, ನನ್ನಜ್ಜಿ. ಹರಿಹರದಲ್ಲಿ ಹೊಳೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಅಜ್ಜಿ ಊಟಕ್ಕೆ ಕೂತರೆ ಒಂದೇ ತಟ್ಟೆ. ಅವಳ ಬಾಯಿಗೆ ಒಂದು ತುತ್ತು, ನನ್ನ ಬಾಯಿಗೆ ಒಂದು ತುತ್ತು. ನನಗೆ ಬೇರೆ ತಟ್ಟೆ ಅನ್ನುವುದೊಂದು ಇರುತ್ತದೆ ಅಂತ ಕೂಡ ಗೊತ್ತಿರಲಿಲ್ಲ.

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಯುಗಾದಿಗೆ ಮುಂಚೆ ಆನಗೋಡಿನ ಹುಡುಗಿಯೊಬ್ಬಳನ್ನು ಎರಡನೇ ಮದುವೆಯಾಗಿದ್ದ. ಸಾಲಿ ತೆರೆಯುವ ಹೊತ್ತಿಗೆ ಹರಿಹರಕ್ಕೆ ಬಂದು ಕಟ್ಟೆಯ ಮೇಲೆ ಕೂತು, ಟವೆಲ್ಲಿನ ಅಂಚು ತಿರುಚುತ್ತಾ ಅಂದ: "ಅತ್ತೇರೆ, ಕೂಸನ್ನ ಸಾಲಿಗೆ ಹಾಕ್ತೀನ್ರಿ. ನಮ್ಮನ್ಯಾಗ ಇರ್ಲಿ."

"ಕರ್ಕಂಡು ಹೋಗಪ್ಪ. ನಿನ್ನ ಕೂಸು, ಬ್ಯಾಡ ಅನ್ನಾಕ ನಾನ್ಯಾರು," ಅಂದಳು ಅಜ್ಜಿ. ಅಂದವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ಒಂದು ಹಿಡಿ ನಿಂಬೆ ಎಲೆ ಇತ್ತು. ನನ್ನ ಲಂಗದ ಚುಂಗಿಗೆ ಅದನ್ನು ಗಂಟು ಹಾಕಿ, "ರೈಲಿನಾಗ ಹೊಟ್ಟಿ ತೊಳಸಿದ್ರೆ ಹಿಸುಕಿ ಮೂಸು," ಅಂದಳು.

ಹರಿಹರದಿಂದ ದಾವಣಗೆರೆ ಎಷ್ಟು ದೂರ ಹೇಳಿ. ಕೂತು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ಅವತ್ತು ಕಿಟಕಿಯಲ್ಲಿ ಹೊಳೆ ಮರೆಯಾದ ಮೇಲೆ ನನಗೆ ಅದು ಮುಗಿಯದ ದಾರಿಯಾಗಿತ್ತು. ರೈಲಿನಲ್ಲಿ ನನಗೆ ವಾಂತಿಯಾಗಲಿಲ್ಲ. ಹಾಗಾಗಿ ಎಲೆಗಳು ಗಂಟಿನಲ್ಲೇ ಉಳಿದವು.

ಅಪ್ಪನ ಮನೆ ಒಂದು ವಠಾರದಲ್ಲಿತ್ತು. ನಡುವೆ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಸುತ್ತ ಒಂದೊಂದು ಕೋಣೆಯ ಮನೆಗಳು, ಪ್ರತಿ ಮನೆಯ ಮುಂದೆ ಒಂದು ಗೇಣು ಎತ್ತರದ ಕಟ್ಟೆ. ಗಾಳಿ ಈ ಕಡೆ ಬೀಸಿದರೆ ಮಿಲ್ಲಿನ ಎಣ್ಣೆಯ ವಾಸನೆ, ಆ ಕಡೆ ಬೀಸಿದರೆ ಮಂಡಕ್ಕಿ ಭಟ್ಟಿಯ ಹೊಗೆ ಮತ್ತು ಕಾದ ಮರಳಿನ ವಾಸನೆ. ಅಪ್ಪ ಪಾಳಿ ಮುಗಿಸಿ ಬಂದರೆ ಅವನ ತಲೆಗೂದಲಲ್ಲಿ, ಹುಬ್ಬಿನಲ್ಲಿ ಅರಳೆಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ಮಾತು ಕಡಿಮೆಯ ಮನುಷ್ಯ. ಬಂದವನೇ ಉಂಡು ಮಲಗುತ್ತಿದ್ದ.

ಅಪ್ಪನ ಹೊಸ ಹೆಂಡತಿಯ ಹೆಸರು ಹಾಲಮ್ಮ. ಸಣ್ಣ ಮುಖ, ದೊಡ್ಡ ಕಣ್ಣು, ನಡೆದರೆ ಸಪ್ಪಳವಿಲ್ಲ. ಚಿಗವ್ವ ಅನ್ನು ಅಂತ ಅಪ್ಪ ಹೇಳಿಕೊಟ್ಟಿದ್ದ. ನಾನು ಏನೂ ಅನ್ನುತ್ತಿರಲಿಲ್ಲ. ಬೇಕಾದರೆ ಹತ್ತಿರ ಹೋಗಿ ನಿಂತುಕೊಳ್ಳುತ್ತಿದ್ದೆ. ಅವಳೇ ಅರ್ಥ ಮಾಡಿಕೊಂಡು ಕೊಡುತ್ತಿದ್ದಳು.

ಅವಳು ಮದುವೆಯಾಗಿ ಹೊರಡುವಾಗ ಅವಳ ತಾಯಿ ಒಂದು ಬುದ್ಧಿ ಹೇಳಿ ಕಳಿಸಿದ್ದಳಂತೆ. ಇದು ನನಗೆ ಎಷ್ಟೋ ವರ್ಷದ ಮೇಲೆ ಚಿಗವ್ವನೇ ಹೇಳಿದ್ದು. "ಸವತಿ ಮಗಳನ್ನ ನಾಕು ಮಂದಿ ಕಾಣಂಗೆ ಉಣ್ಸು. ಒಳಗ ಉಣ್ಸಿದ್ದು ಯಾರ ಲೆಕ್ಕಕ್ಕೂ ಬರಲ್ಲ." ಮಲತಾಯಿ ಕೂಸಿಗೆ ಹೊಟ್ಟೆಗೆ ಹಾಕಲಿಲ್ಲ ಅನ್ನುವ ಮಾತು ಒಮ್ಮೆ ಹುಟ್ಟಿದರೆ ಸಾಯುವವರೆಗೂ ಹೋಗುವುದಿಲ್ಲ, ಅದಕ್ಕೇ.

ಹಾಗಾಗಿ ನನ್ನ ಊಟ ಕಟ್ಟೆಯ ಮೇಲೆ. ಮಣೆ ಹಾಕಿ, ಹಿತ್ತಾಳೆ ತಟ್ಟೆ ಇಟ್ಟು, ಬಿಸಿ ಜೋಳದ ರೊಟ್ಟಿ, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ದಾವಣಗೆರೆ ಬೆಣ್ಣೆ ಅಂದರೆ ಈಗ ಜನ ಊರೂರಿಂದ ಬಂದು ತಿಂತಾರೆ, ನನಗೆ ಮಾತ್ರ ಅದು ಕರಗಿ ಹರಿಯುವುದನ್ನು ನೋಡಿದರೇ ಹೊಟ್ಟೆಯೊಳಗೆ ಏನೋ ಹೊರಳುತ್ತಿತ್ತು. ಚಿಗವ್ವ ಬಾಗಿಲಲ್ಲಿ ನಿಂತು, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ ಅನ್ನುತ್ತಿದ್ದಳು: "ಇನ್ನೊಂದು ರೊಟ್ಟಿ ಹಾಕ್ಕೋ ಪಾರವ್ವ. ಬೆಣ್ಣಿ ಸಾಲ್ತೇನು?"

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರೆಲ್ಲ ಈ ಕಡೆ ತಿರುಗುತ್ತಿದ್ದರು. ನನ್ನ ತಟ್ಟೆ ನೋಡುವರು, ನನ್ನ ಬಾಯಿ ನೋಡುವರು. "ಹಾಲಮ್ಮ ಚಲೋ ನೋಡ್ಕೊಂತಾಳೆ ಬಿಡ್ರಿ," ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ನುಂಗಿದ ತುತ್ತು ಎದೆಯ ಹತ್ತಿರವೇ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ನಾನು ಎದ್ದು ನಲ್ಲಿಯ ಪಕ್ಕದ ಚರಂಡಿಗೆ ಓಡುತ್ತಿದ್ದೆ. ಅಲ್ಲೂ ಅವರೆಲ್ಲ ನಿಂತಿರುತ್ತಿದ್ದರು. ತಿಂದದ್ದನ್ನೂ ನೋಡಿದವರು ಕಾರಿದ್ದನ್ನೂ ನೋಡಿದರು.

ಮೊದಲ ಬಾಗಿಲಿನ ಗಂಗಕ್ಕ ಆ ವಠಾರದ ಹಳೇ ತಲೆ. ನಲ್ಲಿಗೆ ಯಾರು ಮೊದಲು, ಯಾರು ಆಮೇಲೆ ಅನ್ನುವುದರಿಂದ ಹಿಡಿದು ಯಾರ ಕೂಸಿಗೆ ಯಾವ ಔಷಧಿ ಅನ್ನುವವರೆಗೆ ಎಲ್ಲ ಅವಳದೇ ತೀರ್ಮಾನ. "ನೀರು ಬದ್ಲಾಗೈತೆ, ಅದಕ್ಕೇ," ಅಂದು ಶುಂಠಿ ರಸ ಹೇಳಿದಳು. ಶುಂಠಿಗೆ ಬಗ್ಗಲಿಲ್ಲ ಅಂದಾಗ ಪಿತ್ತ ಅಂದು ಕೊತ್ತಂಬರಿ ನೀರು. ಆಮೇಲೆ ಏಲಕ್ಕಿ ಕರಿ. ಆಮೇಲೆ ಹೆಂಚಿನ ನೀರು. ಚಿಗವ್ವ ಎದುರಾಡದೆ ಎಲ್ಲ ಮಾಡಿದಳು. ಕೊಡುವ ಮುಂಚೆ ತಾನು ಒಂದು ಗುಟುಕು ಕುಡಿದು ನೋಡುತ್ತಿದ್ದಳು. ಒಂದು ಸಂಜೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರೆ. ಇಡೀ ವಠಾರ ಕಣ್ಣಲ್ಲಿ ನೀರು ಸುರಿಸಿಕೊಂಡು ಕೆಮ್ಮಿತು. ಹಾಗಾಗಿ ದೃಷ್ಟಿಯಲ್ಲ ಅಂತಾಯಿತು.

ಬ್ಯಾಸರ ಆಗೈತೇನವ್ವ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಬರುತ್ತಿರಲಿಲ್ಲ. ಸಂಜೆಯಾದರೆ ಹರಿಹರದ ಕಡೆ ಹೋಗುವ ರೈಲಿನ ಸದ್ದು ಕೇಳುತ್ತಿತ್ತು. ಆಗ ಅಂಗಳದಲ್ಲಿ ಹುಡುಗಿಯರು ಕುಂಟಬಿಲ್ಲೆ ಆಡುತ್ತಿರುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ರೈಲಿನ ಸದ್ದು ಪೂರಾ ಕಿವಿಗೆ ಬೀಳದಂತಾಗುವವರೆಗೂ ಕೇಳುತ್ತಿದ್ದೆ. ಅಜ್ಜಿ ಈಗ ಒಬ್ಬಳೇ ತಟ್ಟೆಯ ಮುಂದೆ ಕೂತಿರುತ್ತಾಳೆ ಅನ್ನಿಸುತ್ತಿತ್ತು.

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ಅದರಲ್ಲೂ ಮದುವೆಯಾದ ಮೊದಲ ವರ್ಷ. ವಠಾರದ ಎಳೇ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಹೊರಟರು. ಚಿಗವ್ವನ ಅಣ್ಣನೂ ಆನಗೋಡಿನಿಂದ ಬಂದ, ಬುಟ್ಟಿ ತುಂಬ ಉಂಡಿ, ಅರಳು ಹೊತ್ತುಕೊಂಡು. ಚಿಗವ್ವ ಅವನಿಗೆ ಊಟಕ್ಕೆ ಬಡಿಸಿ, "ನಾ ಬರಲ್ಲಣ್ಣ," ಅಂದಳು.

"ಯಾಕ? ಜೋಕಾಲಿ ಕಟ್ಟೀವಿ. ಅವ್ವ ದಾರಿ ಕಾಯ್ತಾಳೆ."

"ಕೂಸಿಗೆ ಉಂಡಿದ್ದು ನಿಲ್ಲವಲ್ದು. ಬಿಟ್ಟು ಬಂದ್ರೆ ಮಂದಿ ಏನಂತಾರೆ."

ಅಣ್ಣ ಖಾಲಿ ಬುಟ್ಟಿ ಹಿಡಿದುಕೊಂಡು ಹೋದ. ಚಿಗವ್ವ ಬಾಗಿಲ ಸಂದಿಯಲ್ಲಿ ನಿಂತು, ಅವನು ಓಣಿ ತಿರುಗುವವರೆಗೂ ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವಳೂ ನನ್ನ ಹಾಗೆ ಊರು ಬಿಟ್ಟು ಬಂದವಳು ಅಂತ ನನಗೆ ಹೊಳೆದದ್ದು ಆಗಲೇ.

ಮರುದಿನ ಮಧ್ಯಾಹ್ನ. ಅಪ್ಪ ಮಿಲ್ಲಿಗೆ ಹೋಗಿದ್ದ. ವಠಾರ ಎಂದಿಗಿಂತ ಖಾಲಿಯಾಗಿತ್ತು. ಬಚ್ಚಲ ಕಡೆಯಿಂದ ಯಾರೋ ಓಕರಿಸುವ ಸದ್ದು ಬಂತು. ಹೋಗಿ ನೋಡಿದರೆ ಚಿಗವ್ವ ಗೋಡೆಗೆ ಕೈಯೂರಿ ಕುಕ್ಕರಗಾಲಲ್ಲಿ ಕೂತಿದ್ದಳು. ಹಣೆಯ ಮೇಲೆಲ್ಲ ಬೆವರು. ಸದ್ದು ಹೊರಗೆ ಹೋಗಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನನ್ನ ರೋಗ ಅವಳಿಗೆ ಅಂಟಿತು ಅಂದುಕೊಂಡೆ. ನನಗೆ ನಿಜಕ್ಕೂ ಭಯವಾಯಿತು. ಓಡಿಹೋಗಿ ನನ್ನ ಟ್ರಂಕಿನಲ್ಲಿದ್ದ ಹಳೇ ಲಂಗದ ಗಂಟು ಬಿಚ್ಚಿ ತಂದೆ.

"ಚಿಗವ್ವ, ಇದನ್ನ ಮೂಸು. ನಮ್ಮಜ್ಜಿ ಕೊಟ್ಟಿದ್ದು."

ಅವಳನ್ನು ನಾನು ಚಿಗವ್ವ ಅಂದದ್ದು ಅದೇ ಮೊದಲು. ಅವಳು ತಿರುಗಿ ನೋಡಿ, ಒಣಗಿ ಹೋದ ಎಲೆಗಳನ್ನು ಅಂಗೈಯಲ್ಲಿ ಹಿಡಿದಳು. "ಇದ್ರಾಗ ವಾಸನಿನೇ ಇಲ್ಲಲ್ಲ ಪಾರವ್ವ."

"ಹಿಸುಕು. ಇನ್ನೂ ಒಂಚೂರು ಐತೆ."

ಹಿಸುಕಿದಳು. ಎಲೆ ಪುಡಿಪುಡಿಯಾಯಿತು. ಅವಳು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದು, ಆಮೇಲೆ ಸಣ್ಣಗೆ ನಕ್ಕಳು. ಮೂಗಿನ ತುದಿಗೆ ಎಲೆಯ ಪುಡಿ ಅಂಟಿತ್ತು. "ನಂಗೆ ಹಿಂಗಾಗ್ತೈತೆ ಅಂತ ಯಾರಿಗೂ ಹೇಳಬ್ಯಾಡ," ಅಂದಳು.

"ಯಾಕ?"

"ಹೇಳಬ್ಯಾಡ, ಅಷ್ಟೆ."

ಚೊಚ್ಚಲ ಬಸುರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಎಲ್ಲಿ ಕಣ್ಣು ತಾಗುತ್ತದೋ ಅನ್ನುವ ಭಯ. ಅದೆಲ್ಲ ನನಗೇನು ಗೊತ್ತು. ದೊಡ್ಡವರಿಗೆ ವಾಂತಿಯಾದರೆ ಮರ್ಯಾದೆ ಹೋಗುತ್ತದೆ ಅಂದುಕೊಂಡು, ಹೇಳುವುದಿಲ್ಲ ಅಂತ ಕೈಮೇಲೆ ಕೈಯಿಟ್ಟೆ.

ಚಿಗವ್ವ ಎದ್ದು ಬಂದು ಮುಂಬಾಗಿಲು ಹಾಕಿ ಚಿಲಕ ಎಳೆದಳು. ಮೂಲೆಯ ಡಬ್ಬಿಯಿಂದ ಮೊರಕ್ಕೆ ಮಂಡಕ್ಕಿ ಸುರಿದಳು. ಭಟ್ಟಿಯ ಕಡೆಯಿಂದ ಬುಟ್ಟಿ ಹೊತ್ತು ಮಾರಲು ಬರುತ್ತಿದ್ದ ಹೆಂಗಸೊಬ್ಬಳು ಅವಳ ಮುಖ ನೋಡಿಯೇ ಕಂಡುಹಿಡಿದು, ಒಣ ಮಂಡಕ್ಕಿ ಎರಡೆರಡೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿರು, ಸಂಕಟ ಇಳಿಯುತ್ತದೆ ಅಂದಿದ್ದಳಂತೆ. ಎಣ್ಣೆಯಿಲ್ಲ, ಖಾರವಿಲ್ಲ, ವಾಸನೆ ಅಂದರೆ ಬರೀ ಬಿಸಿ ಮರಳಿನದು.

"ಬಾ, ನೀನೂ ತಿನ್ನು."

"ನಂಗೆ ಬ್ಯಾಡ."

"ಹಂಗಾರೆ ನಂಗೂ ಬ್ಯಾಡ. ನಂಗೆ ಒಬ್ಬಾಕೀಗೆ ತಿಂದು ರೂಢಿ ಇಲ್ಲ. ನಮ್ಮೂರಾಗ ಅಕ್ಕ ತಂಗೇರೆಲ್ಲ ಒಂದೇ ಗಂಗಾಳದಾಗ ಕೈ ಹಾಕ್ತಿದ್ವಿ."

ನಾನು ಕೂತೆ. ಅವಳು ಎರಡು ಕಾಳು, ನಾನು ಎರಡು ಕಾಳು. ಬಾಗಿಲ ಸಂದಿಯಿಂದ ಬಿಸಿಲಿನ ಒಂದು ಗೆರೆ ಮೊರದ ಮೇಲೆ ಬಿದ್ದಿತ್ತು. ಕೋಣೆಯಲ್ಲಿ ನಮ್ಮಿಬ್ಬರ ಬಾಯಿಯ ಕರಕರ ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ನೋಡುತ್ತಿರಲಿಲ್ಲ. ಮೊರ ಖಾಲಿಯಾಯಿತು. ಇಬ್ಬರ ಹೊಟ್ಟೆಯಲ್ಲೂ ಅದು ನಿಂತಿತು.

ಅಲ್ಲಿಂದ ಅದೇ ನಮ್ಮ ದಿನಚರಿಯಾಯಿತು. ಸಾಲಿಯಿಂದ ಮಧ್ಯಾಹ್ನ ಬಂದರೆ ಮೊದಲು ಕಟ್ಟೆಯ ಮೇಲೆ ವಠಾರಕ್ಕಾಗಿ ಒಂದು ಚೂರು ರೊಟ್ಟಿ. ಚಿಗವ್ವ ಗಟ್ಟಿ ದನಿಯಲ್ಲಿ ಬೆಣ್ಣೆ ಸಾಲ್ತೇನು ಅಂತ ಕೇಳುವಳು, ಬೆಣ್ಣೆ ಮಾತ್ರ ಈಗ ಕಡಲೆಬೇಳೆಯಷ್ಟು. ಹೇಳುತ್ತಾ ನನ್ನ ಕಡೆ ಕಣ್ಣು ಮಿಟುಕಿಸುವಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಜವಾದ ಊಟ. ಮೊದಮೊದಲು ಬರೀ ಮಂಡಕ್ಕಿ, ಆಮೇಲೆ ಅದರ ಜತೆ ಮಜ್ಜಿಗೆ, ಆಮೇಲೆ ಒಂದೇ ತಟ್ಟೆಯಲ್ಲಿ ರೊಟ್ಟಿ, ಮೆಂತ್ಯೆ ಪಲ್ಯ. ಉಂಡು ಗಜ್ಜುಗ ಆಡುತ್ತಿದ್ದೆವು. ಆಟದಲ್ಲಿ ಅವಳು ನನಗೆ ಒಂದು ಸಲವೂ ಬಿಟ್ಟುಕೊಡಲಿಲ್ಲ. ಅವಳೂ ಇನ್ನೂ ಹುಡುಗಿಯೇ. ನಡುವೆ ಅವಳಿಗೆ ಹೊಟ್ಟೆ ತೊಳಸಿದರೆ ನಾನು ಓಡಿಹೋಗಿ ತಂಬಿಗೆಯಲ್ಲಿ ನೀರು ತರುತ್ತಿದ್ದೆ. ಸಂಜೆಯ ರೈಲಿನ ಸದ್ದು ಕೇಳುವುದನ್ನು ಯಾವಾಗ ಮರೆತೆನೋ ನನಗೇ ತಿಳಿಯಲಿಲ್ಲ.

ಕೂಸು ಗುಣವಾಯಿತು, ಇನ್ನೇನು ಬೇಕು ಅಂತ ನೀವು ಕೇಳಬಹುದು. ಗಂಗಕ್ಕನಿಗೆ ಅಷ್ಟು ಸಾಲಲಿಲ್ಲ. ಅವಳು ಹೇಳಿದ ಯಾವ ಔಷಧಿಗೂ ಬಗ್ಗದ ವಾಂತಿ ತಾನಾಗಿ ನಿಂತದ್ದು ಹೇಗೆ? ಕಟ್ಟೆಯ ಮೇಲೆ ಗುಬ್ಬಿಯಷ್ಟು ತಿನ್ನುವ ಕೂಸಿನ ಕೆನ್ನೆ ತುಂಬಿಕೊಳ್ಳುತ್ತಿರುವುದು ಹೇಗೆ? ಮೊನ್ನೆವರೆಗೂ ದೂರ ನಿಲ್ಲುತ್ತಿದ್ದವಳು ಈಗ ಚಿಗವ್ವನ ಸೆರಗು ಬಿಡುವುದಿಲ್ಲವಲ್ಲ, ಅದು ಹೇಗೆ?

ನಮ್ಮ ಕಡೆ 'ಮದ್ದು ಹಾಕೋದು' ಅಂತ ಒಂದು ನಂಬಿಕೆ ಇತ್ತು. ಯಾರನ್ನಾದರೂ ತನ್ನ ಕಡೆ ಒಲಿಸಿಕೊಳ್ಳಬೇಕಾದರೆ ಕೆಲವರು ಊಟದಲ್ಲಿ ಏನೋ ಬೆರೆಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯರನ್ನು ಒಳಗೊಳಗೇ ತಿನ್ನುತ್ತದೆ ಅಂತ. ಅದನ್ನು ತೆಗೆಯುವವರೂ ಇದ್ದರು, ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ. ಮದ್ದು ಹಾಕಿದವಳು ಅಂತ ಹೆಸರು ಬಂದ ಹೆಂಗಸಿನ ಕೈಯಲ್ಲಿ ಓಣಿಯವರು ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ.

"ಹಾಡ್ಹಗಲು ಬಾಗ್ಲು ಹಾಕ್ಕೊಂಡು ಸವತಿ ಮಗಳಿಗೆ ಏನು ತಿನ್ನಿಸ್ತಾಳವ್ವ?" ಅಂತ ಗಂಗಕ್ಕ ನಲ್ಲಿಯ ಹತ್ತಿರ ಕೇಳಿದಳು. ಕೇಳಿದ್ದು ಅಷ್ಟೇ. ಉತ್ತರವನ್ನು ಉಳಿದವರು ತಾವೇ ತುಂಬಿಕೊಂಡರು. ಅಮಾವಾಸ್ಯೆಗೆ ಹೊಳೆ ಸ್ನಾನಕ್ಕೆಂದು ಹರಿಹರಕ್ಕೆ ಹೋದವರು ಯಾರೋ ನಮ್ಮಜ್ಜಿಯ ಕಿವಿಗೂ ಅದನ್ನು ಮುಟ್ಟಿಸಿದರು.

ಒಂದು ಮಧ್ಯಾಹ್ನ ನಾವು ಮೊರದ ಮುಂದೆ ಕೂತಿದ್ದಾಗ ಯಾರೋ ಬಾಗಿಲು ದಬದಬ ಬಡಿದರು. ಚಿಗವ್ವ ಚಿಲಕ ತೆಗೆದಳು. ಅಜ್ಜಿ ನಿಂತಿದ್ದಳು. ಅವಳ ಹಿಂದೆ ಗಂಗಕ್ಕ, ಗಂಗಕ್ಕನ ಹಿಂದೆ ಅಂಗಳದ ತುಂಬ ಹೆಂಗಸರು. ನಾನು "ಅಜ್ಜೀ" ಅಂತ ಹೋಗಿ ತಬ್ಬಿಕೊಂಡೆ. ಅಜ್ಜಿ ನನ್ನ ಮುಖ ಎತ್ತಿ ಕಣ್ಣುರೆಪ್ಪೆ ಎಳೆದು ನೋಡಿ, ಚಿಗವ್ವನ ಕಡೆ ತಿರುಗಿದಳು.

"ಕೂಸಿಗೆ ಏನು ತಿನ್ನಿಸ್ತಿದ್ದೀಯವ್ವ?"

"ಮಂಡಕ್ಕಿ ರಿ."

"ಮಂಡಕ್ಕಿ ತಿನ್ನಾಕ ಬಾಗ್ಲು ಯಾಕ ಹಾಕ್ಬೇಕು?"

ಚಿಗವ್ವನ ಹತ್ತಿರ ಉತ್ತರವಿತ್ತು. ಅಷ್ಟು ಮಂದಿಯ ಎದುರು ಅದನ್ನು ಆಡುವುದು ಹೇಗೆ? ಅವಳು ನನ್ನ ಕಡೆ ನೋಡಿದಳು. ಯಾರಿಗೂ ಹೇಳುವುದಿಲ್ಲ ಅಂತ ನಾನು ಮಾತು ಕೊಟ್ಟಿದ್ದೆ. ನಾನೂ ಬಾಯಿ ಬಿಡಲಿಲ್ಲ. ಗಂಗಕ್ಕ ಮೆಲ್ಲಗೆ ಕೆಮ್ಮಿದಳು. "ಲಂಗ ಬದ್ಲಾಯ್ಸಿ ಕಳ್ಸವ್ವ. ಹುಡುಗೀನ ಕರ್ಕಂಡು ಹೋಗ್ತೀನಿ," ಅಂದಳು ಅಜ್ಜಿ.

ಚಿಗವ್ವ ಒಳಗೆ ನನಗೆ ಲಂಗ ಕಟ್ಟಿದಳು. ಮೊರದಲ್ಲಿ ಉಳಿದ ಮಂಡಕ್ಕಿಯನ್ನು ನನ್ನ ಚುಂಗಿಗೆ ಸುರಿದು ಗಂಟು ಹಾಕಿ, "ರೈಲಿನಾಗ ಬೇಕಾದೀತು," ಅಂದಳು. ಹೋಗಬ್ಯಾಡ ಅನ್ನಲಿಲ್ಲ. ಹೆತ್ತ ತಾಯಿಯ ತಾಯಿ ಬಂದು ನಿಂತಾಗ ಚಿಗವ್ವ ಅನ್ನಿಸಿಕೊಂಡವಳು ಏನಂದಾಳು. ಜೂನ್ ತಿಂಗಳಿಂದ ನಾನು ಬೇಡಿಕೊಂಡಿದ್ದೇ ಆಗುತ್ತಿತ್ತು, ಅಜ್ಜಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ನಾನು ದಾರಿಯುದ್ದಕ್ಕೂ ಅತ್ತೆ.

ಮರುದಿನ ಬೆಳಿಗ್ಗೆ ಅಜ್ಜಿ ದೀಪ ಹಚ್ಚುತ್ತಿದ್ದಾಗ ನಾನು ಗೋಡೆ ಕಡೆ ತಿರುಗಿ ಕೂತು ಗಂಟಿನ ಮಂಡಕ್ಕಿಯಷ್ಟನ್ನೂ ತಿಂದೆ. ಆಮೇಲೆ ಅಜ್ಜಿ ನನ್ನನ್ನು ಸೇತುವೆ ದಾಟಿಸಿ ಹೊಳೆಯಾಚೆಯ ಹಳ್ಳಿಗೆ ಕರೆದುಕೊಂಡು ಹೋದಳು, ಮದ್ದು ತೆಗೆಯುವವನ ಮನೆಗೆ. ಅವನು ಹಸಿರು ರಸವೊಂದನ್ನು ಕುಡಿಸಿದ. ಅದರ ಕಹಿ ಹೇಳತೀರದು. ಅಂಗಳದಲ್ಲಿ ಬಗ್ಗಿ ಕಾರಿಕೊಂಡೆ. ಅವನು ಕಡ್ಡಿಯಿಂದ ಅದನ್ನು ಕೆದಕಿ, "ನೋಡ್ರಿ ಅಜ್ಜಿ, ಬೆಳ್ಳಗೆ ಉಬ್ಬಿಕೊಂಡೈತಲ್ಲ, ಇದೇ ಮದ್ದು," ಅಂದ.

ಅಜ್ಜಿ ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿದಳು. "ಇದು ಮಂಡಕ್ಕಿ ಕಣಪ್ಪ."

"ಮದ್ದು ಮಂಡಕ್ಕಿ ರೂಪದಾಗ ಇರ್ತೈತಜ್ಜಿ."

"ಮಂಡಕ್ಕಿ ಮಂಡಕ್ಕಿ ರೂಪದಾಗೇ ಇರ್ತೈತೆ," ಅಂದಳು ಅಜ್ಜಿ. ನನ್ನ ಬಾಯಿ ತೊಳೆಸಿ ಕೈ ಹಿಡಿದು ಹೊರಟೇಬಿಟ್ಟಳು.

ಸೇತುವೆಯ ನಡುವೆ ನಿಂತಳು. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. "ಪಾರೀ, ಖರೇ ಹೇಳು. ಬಾಗ್ಲು ಯಾಕ ಹಾಕ್ತಿದ್ಲು?"

"ಯಾರಿಗೂ ಹೇಳಬ್ಯಾಡ ಅಂದಾಳೆ."

"ನಂಗೆ ಹೇಳಿದ್ರೆ ಹೊಳಿಗೆ ಹೇಳಿದಂಗೆ. ಹೇಳು."

"ಆಕಿಗೂ ವಾಂತಿ ಆಗ್ತೈತೆ. ನನ್ನಂಗೇ. ಇಬ್ರೂ ಮಂಡಕ್ಕಿ ತಿಂತಿದ್ವಿ."

ಅಜ್ಜಿ ಸೇತುವೆಯ ಕಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. "ಅಯ್ಯೋ ಶಿವನೇ. ಬಸುರಿ ಹೆಂಗಸಿನ ಬಾಗ್ಲು ಬಡ್ದು ಬಂದ್ನಲ್ಲ," ಅಂದಳು.

ಮರುದಿನ ಮೊದಲ ರೈಲಿಗೇ ಹೊರಟೆವು. ಅಜ್ಜಿಯ ಮಡಿಲಲ್ಲಿ ಹೇರಳೆಕಾಯಿ ಉಪ್ಪಿನಕಾಯಿಯ ಭರಣಿ. ಹಳೆಯದಾದಷ್ಟೂ ಬಸುರಿಯ ಸಂಕಟಕ್ಕೆ ಒಳ್ಳೆಯದು ಅಂತ ಅಟ್ಟದ ಮೇಲೆ ಜೋಪಾನ ಮಾಡಿಟ್ಟಿದ್ದದ್ದು. ವಠಾರಕ್ಕೆ ಬಂದರೆ ನಮ್ಮ ಮನೆಗೆ ಬೀಗ. ಗಂಗಕ್ಕ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದಳು. "ನಿನ್ನೆ ಆಕಿ ಅಣ್ಣ ಬಂದು ತವರಿಗೆ ಕರ್ಕಂಡು ಹೋದ. ಮಂದಿ ಬಾಯಿಗೆ ಹೆದ್ರಿದ್ಲು, ಪಾಪ," ಅಂದಳು. ಮಂದಿ ಅಂದರೆ ತಾನಲ್ಲ ಅನ್ನುವ ಹಾಗೆ.

"ನನ್ನ ಮೊಮ್ಮಗಳ ಹೊಟ್ಟ್ಯಾಗಿದ್ದದ್ದು ಮಂಡಕ್ಕಿ," ಅಂದಳು ಅಜ್ಜಿ, ಎಲ್ಲ ಬಾಗಿಲಿಗೂ ಕೇಳುವ ಹಾಗೆ. "ಕಣ್ಣಾರೆ ಕಂಡೀನಿ. ಹಾಲಮ್ಮ ಬಸುರಿ. ಸಂಕಟ ಆಗ್ತಿತ್ತು, ಬಾಗ್ಲು ಹಾಕ್ಕೊಂಡಿದ್ಲು. ಕೇಳಿದ್ರೇನ್ರಿ ಎಲ್ರೂ?" ಗಂಗಕ್ಕನ ಕೊಡ ತುಂಬಿ ಹರಿಯುತ್ತಿತ್ತು.

ಅಪ್ಪ ಪಾಳಿ ಮುಗಿಸಿ ಬಂದ. ಭರಣಿ ಕೈಗೆ ತೆಗೆದುಕೊಂಡು, ತಲೆ ತಗ್ಗಿಸಿ, "ಹೆರಿಗಿಗೆ ಹೋಗ್ಯಾಳ್ರಿ," ಅಂದ.

"ಮೂರು ತಿಂಗ್ಳಿಗೇ ಹೆರಿಗಿಗೆ ಯಾರು ಹೋಗ್ತಾರಪ್ಪ," ಅಂದಳು ಅಜ್ಜಿ. ಅಪ್ಪ ಹುಬ್ಬಿನ ಮೇಲಿನ ಅರಳೆ ಒರೆಸಿಕೊಂಡ.

ಆ ವರ್ಷ ನಾನು ಹರಿಹರದಲ್ಲೇ ಉಳಿದೆ. ಅಜ್ಜಿಯ ತಟ್ಟೆ, ಅಜ್ಜಿಯ ತುತ್ತು, ಹೊಳೆ, ಎಲ್ಲ ಮೊದಲಿನ ಹಾಗೇ ಇತ್ತು. ನನಗೆ ಮಾತ್ರ ಈಗ ದಾವಣಗೆರೆ ಕಡೆ ಹೋಗುವ ರೈಲಿನ ಸದ್ದು ಕೇಳಿಸುತ್ತಿತ್ತು.

ಮುಂದಿನ ವರ್ಷ ಸಾಲಿಗೆ ಮತ್ತೆ ಅಪ್ಪನ ಮನೆಗೆ ಬಂದೆ. ತೊಟ್ಟಿಲಲ್ಲಿ ಗಂಡು ಕೂಸು. ಗೂಡಿನಲ್ಲಿ ಅಜ್ಜಿಯ ಭರಣಿ, ತೊಳೆದು ಒರೆಸಿ ಬೋರಲು ಹಾಕಿತ್ತು. ಚಿಗವ್ವ ನನ್ನ ಎರಡೂ ಕೆನ್ನೆ ಹಿಡಿದು, "ಎಷ್ಟು ಸೊರಗೀಯವ್ವ ಪಾರವ್ವ," ಅಂದಳು. ಮಧ್ಯಾಹ್ನ ಕೂಸು ಮಲಗಿದ ಮೇಲೆ ಡಬ್ಬಿ ತೆಗೆದು ಮೊರಕ್ಕೆ ಮಂಡಕ್ಕಿ ಸುರಿದಳು. ನಾನು ಓಡಿಹೋಗಿ ಚಿಲಕಕ್ಕೆ ಕೈ ಹಾಕಿದೆ.

"ಬ್ಯಾಡವ್ವ. ತೆಗ್ದೇ ಇರ್ಲಿ."

ಅಷ್ಟೇ ಅಂದದ್ದು. ಮೊರವನ್ನು ಬಾಗಿಲ ನೇರಕ್ಕೆ, ಅಂಗಳಕ್ಕೆ ಕಾಣುವ ಹಾಗೆ ಇಟ್ಟಳು. ತಾನು ತೊಟ್ಟಿಲ ಹತ್ತಿರ ಕೂತು ಹಗ್ಗ ಎಳೆಯತೊಡಗಿದಳು. ನಲ್ಲಿಯ ಕಡೆಯಿಂದ ಹೆಂಗಸರು ನೋಡಿದರು. ನಾನು ಒಬ್ಬಳೇ ತಿಂದೆ. ವಾಂತಿಯಾಗಲಿಲ್ಲ, ದೊಡ್ಡವಳಾಗುತ್ತಿದ್ದೆನಲ್ಲ. ಅವಳ ಸಂಕಟ ಕಳೆದಿತ್ತು, ನನ್ನದು ಒಳಗೆ ಎಲ್ಲೋ ಹೋಗಿ ಕೂತಿತು.

ಚಿಗವ್ವ ನನಗೆ ಏನು ಕಡಿಮೆ ಮಾಡಿದಳು ಅಂದರೆ ಏನೂ ಇಲ್ಲ. ತಲೆಗೆ ಎಣ್ಣೆ ಹಾಕಿದಳು, ಸಾಲಿಗೆ ಕಳಿಸಿದಳು, ಮದುವೆ ಮಾಡಿದಳು. ನನ್ನ ಬಾಣಂತನಕ್ಕೆ ನಿದ್ದೆಗೆಟ್ಟಳು. ಎಲ್ಲವನ್ನೂ ಬಾಗಿಲು ತೆರೆದಿಟ್ಟುಕೊಂಡೇ ಮಾಡಿದಳು. ನಾವಿಬ್ಬರೇ ಒಂದು ಮೊರದ ಮುಂದೆ ಕೂತದ್ದು ಆ ಒಂದು ಮುಂಗಾರಿನಲ್ಲಿ ಮಾತ್ರ.

ಕೊನೆಗಾಲದಲ್ಲಿ ಅವಳು ಮಗನ ಮನೆಯಲ್ಲಿದ್ದಳು. ಗುಳಿಗೆಗಳ ಕಾವಿಗೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ನಡುಮನೆಯಲ್ಲೇ ಮಂಚ ಹಾಕಿದ್ದರು. ಬಂದವರೆಲ್ಲ ಸುತ್ತ ನಿಂತು ಉಣ್ಣು ಉಣ್ಣು ಅನ್ನುವರು, ಅವಳ ಬಾಯಿ ನೋಡುವರು. ಪ್ರೀತಿಯಿಂದಲೇ. ನಾನು ಭಟ್ಟಿ ಕಡೆಯಿಂದ ಬಿಸಿ ಮಂಡಕ್ಕಿ ಕಟ್ಟಿಸಿಕೊಂಡು ಹೋಗಿದ್ದೆ. ವಾಸನೆಗೆ ಕಣ್ಣು ತೆರೆದಳು. ನನ್ನನ್ನು ಹತ್ತಿರ ಕರೆದು, "ಪಾರವ್ವ, ಬಾಗ್ಲು ಹಾಕು," ಅಂದಳು.

ಎಲ್ಲರನ್ನೂ ಒಳಗಿನ ಕೋಣೆಗೆ ಕಳಿಸಿ ಬಾಗಿಲು ಹಾಕಿದೆ. ಮೊರ ಇರಲಿಲ್ಲ, ಪೇಪರು ಹಾಸಿ ಸುರಿದೆ. "ನೀನೂ ತಿನ್ನು. ನಂಗೆ ಒಬ್ಬಾಕೀಗೆ ರೂಢಿ ಇಲ್ಲ," ಅಂದಳು. ಅವಳು ಎರಡು ಕಾಳು, ನಾನು ಎರಡು ಕಾಳು. ಇಬ್ಬರಿಗೂ ಹಲ್ಲು ಕಡಿಮೆ, ಬಾಯಲ್ಲೇ ನೆನೆಸಿ ನುಂಗಿದೆವು. ಸೊಸೆ ಬಂದು ಯಾಕ್ರೀ ಬಾಗ್ಲು ಹಾಕ್ಕೊಂಡಿರಿ ಅಂತ ತಟ್ಟುವವರೆಗೂ ತಿಂದೆವು. ಆ ಸಲದ ಪಂಚಮಿಗೆ ಚಿಗವ್ವ ಇರಲಿಲ್ಲ.

ಈಗ ನಾನು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದ್ದೇನೆ. ವಾಂತಿಗೆ ನಾಲಿಗೆಯ ಮೇಲಿಟ್ಟರೆ ಕರಗುವ ಗುಳಿಗೆ ಬಂದಿದೆ, ನಿಮಿಷದಲ್ಲಿ ಆರಾಮಾಗುತ್ತದೆ, ನನ್ನ ಪರ್ಸಿನಲ್ಲೂ ಇದೆ. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿಲ್ಲ, ಅವರಿಗೆ ನನ್ನದು ಗೊತ್ತಿಲ್ಲ. ಮೊನ್ನೆ ಮಧ್ಯಾಹ್ನ ಯಾಕೋ ಹೊಟ್ಟೆ ತೊಳಸಿತು. ಗುಳಿಗೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ತಟ್ಟೆಗೆ ಮಂಡಕ್ಕಿ ಸುರಿದುಕೊಂಡೆ, ಹೋಗಿ ಬಾಗಿಲು ಹಾಕಿ ಚಿಲಕ ಎಳೆದು ನೆಲದ ಮೇಲೆ ಕೂತೆ. ಎರಡು ಕಾಳು ಬಾಯಿಗೆ ಹಾಕಿಕೊಂಡು, ಎದುರಿಗೆ ಚಿಗವ್ವ ಕೂತಿದ್ದಾಳೇನೋ ಅನ್ನುವ ಹಾಗೆ, ಅವಳ ಎರಡು ಕಾಳಿಗೆ ಕಾದೆ. ಆಮೇಲೆ ಮೊಣಕಾಲು ಹಿಡಿದು ಎದ್ದು, ಬಾಗಿಲು ತೆರೆದಿಟ್ಟು ಬಂದು ಕೂತೆ. ರಸ್ತೆ ಉದ್ದಕ್ಕೂ ಬಿಸಿಲು. ನಾನು ಏನು ತಿನ್ನುತ್ತಿದ್ದೇನೆ ಅಂತ ನೋಡುವವರು ಒಬ್ಬರೂ ಇರಲಿಲ್ಲ.